ವಾಟ

ತೊಳೆಯುವುದು ತೊಳೆಯುತ್ತದೆ, ಹಿಂಡುವುದಿಲ್ಲ.
ಅತ್ತೆ ತಿಪ್ಪಕ್ಕ ಸೀರೆ ಎತ್ತಿದರೆ
ತೊಯ್ದ ಎಮ್ಮೆಗರುವಿನಷ್ಟು ಭಾರ,
ಮಾಳಿಗೆತನಕ ಮೆಟ್ಟಿಲಿಗೊಂದು ನೀರಿನ ಗೆರೆ.
"ನನ್ನ ಕೈ ಚಲೋ ಇದ್ದಾಗ ಇದು ಇರಲಿಲ್ಲ,
ಇದು ಬಂದ ಮ್ಯಾಲೆ ನನ್ನ ಕೈ ಇಲ್ಲ."

ಮುಂಡ್ರಿಗಿ ಕಡೆಯ ಯೂನಿಟ್ಟಿನಲ್ಲಿ
ದಿನಾ ನಾನು ನಿಲ್ಲುವುದು ಹೈಡ್ರೋ ಮುಂದೆ.
ಅರವತ್ತು ಪ್ಯಾಂಟು, ಆರು ನಿಮಿಷ,
ಅದು ತಿರುಗುವಾಗ ನೆಲವೂ ಹಲ್ಲು ಕಡಿಯುತ್ತದೆ.
ಸದ್ದು ಒಂದೆಳೆ ತಪ್ಪಿದರೂ
ಕಿವಿಗಿಂತ ಮೊದಲು ಬೆನ್ನಿಗೆ ಗೊತ್ತಾಗುತ್ತದೆ.
ಇಷ್ಟು ಬಲ್ಲವಳು, ಮನೆಯ ಸೊಂಟದೆತ್ತರದ ಡಬ್ಬಿಯನ್ನು
ತಿಂಗಳಿಂದ ಬೈದೆ, ಅಷ್ಟೆ.

ಮಾಬುಸಾಬನಿಗೆ ಫೋನು. ಅವನು ತೋರಣಗಲ್ಲಿನಲ್ಲಿ
ಯಾರದೋ ಕ್ವಾರ್ಟರ್ಸಿನ ಫ್ರಿಜ್ಜಿನ ಹಿಂದೆ.
"ಬರಾಕಾಗಲ್ಲಕ್ಕ. ಫೋನು ಮಿಷನ್ನಿನ ಹೊಟ್ಟಿಗೆ ಹಿಡಿ."
ಹಿಡಿದೆ.
ಅವನು ಕೇಳಿದ, ಬಹಳ ಹೊತ್ತು,
ಪಕ್ಕದ ಮನೆಯ ಜಗಳ ಕೇಳುವಷ್ಟು ಶ್ರದ್ಧೆಯಿಂದ.

"ಗುಂಯ್ ಅಂದು ಅಲ್ಲಾಡದಿದ್ದರ ಕೆಪಾಸಿಟರ್.
ದಬದಬ ಬಡಿದರ ಬಟ್ಟಿ ಒಂದೇ ಕಡೆ ಕುಂತಾವ.
ಇದು ತಿರುಗತೈತಿ, ಆದರ ಮನಸ್ಸಿಲ್ಲ.
ಸುಟ್ಟ ವಾಸನಿ ಐತೇನು?"
ಐತಿ. ತವೆಯ ಮೇಲೆ ಚಪ್ಪಲಿ ಇಟ್ಟಂಗ.
"ಪ್ಲಗ್ ಕಿತ್ತು ಹಿಂದಿನ ತಗಡು ಬಿಚ್ಚು."

ನಾಲ್ಕು ಸ್ಕ್ರೂ ಸಿಕ್ಕವು. ಐದನೆಯದನ್ನು
ಯಾರೋ ಮೊದಲೇ ಕಳೆದಿದ್ದರು.
ಒಳಗೆ ಕೆಂಪು ಧೂಳು,
ಸಂಡೂರಿಂದ ಬಂದು ಬಾಡಿಗೆ ಕೊಡದೆ ಕೂತದ್ದು.
ಹಲ್ಲಿಯ ಮೊಟ್ಟೆಯ ಚಿಪ್ಪು.
ಒಂದು ಹಿತ್ತಾಳೆ ರಿವೀಟು, ಯೂನಿಟ್ಟಿನದು.
ನಾನು ತಂದೆನೋ, ನನ್ನ ಜೇಬು ತಂದಿತೋ.
ಸೂಪರ್‌ವೈಸರ್ ವೆಂಕೋಬನ ಮುಖ ನೆನಪಾಗಿ
ದವಡೆಗೆ ಒತ್ತಿಟ್ಟುಕೊಂಡೆ.

ಬ್ರೇಕಿನ ತಂತಿ ಮುಚ್ಚಳದಿಂದ ಇಳಿದು
ಡ್ರಮ್ಮನ್ನು ಹಿಡಿಯುವ ಪಟ್ಟಿಗೆ ಸೇರುತ್ತದೆ.
ಮುದುಕಿಯ ಕಿವಿಯಂತೆ ಜೋತುಬಿದ್ದಿತ್ತು.
"ಇನ್ನೂ ಸಡಿಲ ಬಿಡಲೇನು, ತಿರುಗಲಿ ಅಂತ?"
"ಏ ಅಕ್ಕ, ಉಲ್ಟಾ. ತಂತಿ ಬಿಗಿಯಾದರ ಬ್ರೇಕು ಬಿಡತೈತಿ.
ತಂತಿ ಸಡಲಾದರ ಬ್ರೇಕು ಹಿಡೀತೈತಿ.
ಒಂದು ತೂತು ಮ್ಯಾಲೆ ಸಿಗಿಸು."

ಇಪ್ಪತ್ತು ವರ್ಷ ಎಲ್ಲರೂ ನನಗೆ ಹೇಳಿದ್ದು
ಸಡಿಲ ಬಿಡು, ಸ್ವಲ್ಪ ಸಡಿಲ ಬಿಡು.
ಒಂದು ತೂತು ಮೇಲೆ ಸಿಗಿಸಿದೆ.
ಬೆರಳು ತಾಗಿದ್ದೇ ತಡ
ಎಣ್ಣೆ ಕಂಡ ಗಡಗಡಿಯಂತೆ ಹೊರಟಿತು ಡ್ರಮ್ಮು.

ಮುಗೀತು ಅಂದುಕೊಂಡೆ. ಪ್ಲಗ್ ಹಾಕಿದರೆ
ಮಿಷನ್ನು ಕುಣಿಯುತ್ತ ಬಚ್ಚಲ ಕಡೆ ನಡೆಯಿತು.
ಅತ್ತೆ ಎರಡೂ ಕೈ ಚಾಚಿ ಅಡ್ಡ ನಿಂತಳು, ಕರು ತಡೆಯುವಂತೆ.
ತಪ್ಪು ಅದರದಲ್ಲ. ಮೇಸ್ತ್ರಿ ಕೊಟ್ಟ ವಾಟ.
ನೀರು ಹೋಗಲೆಂದು ನೆಲವನ್ನೇ ಬಾಗಿಸಿದ್ದ,
ಅದರ ಮೇಲೆ ನಿಂತದ್ದೆಲ್ಲ ಹೋಗಲು ನೋಡುತ್ತದೆ.
ಜೀನ್ಸಿನ ತುಂಡು ನಾಲ್ಕು ಮಡಿಕೆ, ಎಡಗಾಲಿನ ಕೆಳಗೆ.
ಸಾಲಲಿಲ್ಲ. ಆರು.
ಮೇಲೆ ಬಟ್ಟಲಲ್ಲಿ ನೀರಿಟ್ಟು ನೋಡಿದೆ,
ಯಾವ ಅಂಚಿನ ಪಕ್ಷವೂ ವಹಿಸಲಿಲ್ಲ.

ಈಗ ತಿರುಗುತ್ತಿದೆ.
ಕಿಟಕಿಯಾಚೆ ಗುಡ್ಡ, ಒಂದೇ ಕಲ್ಲಿನದು,
ಬಿಸಿಲಲ್ಲಿ ಅಲುಗದೆ ಕೂತಿದೆ.
ಕೊಳವೆಯಿಂದ ಬರುವ ನೀರು ನೀಲಿ.
ಒಳಗಿರುವುದು ಅತ್ತೆಯ ಬಿಳಿ ಸೀರೆ, ಎರಡು ಟವೆಲ್ಲು.
ನೀಲಿ ಎಲ್ಲಿಂದ?
ಜಾಲಿಸುವಾಗ ಕಲಕಿದ್ದು ನನ್ನ ಕೈ.
ಏಳು ವರ್ಷದಿಂದ ಉಗುರಿನ ಬುಡ ಬಿಟ್ಟು ಹೋಗದ ಬಣ್ಣ.
ಅತ್ತೆ ನೋಡಿದಳು. ಏನೂ ಅನ್ನಲಿಲ್ಲ.

ಫೋನು ನೆಲದ ಮೇಲೆ, ಇನ್ನೂ ಕಟ್ಟಾಗಿಲ್ಲ.
ಆಯ್ತು ಮಾಬುಸಾಬ, ಎನ್ನಲು ಹೋದರೆ
"ತಡಿ ಅಕ್ಕ, ಮಾತಾಡಬ್ಯಾಡ," ಅಂದ,
"ಕೇಳಾಕತ್ತೀನಿ."
ಸುಮ್ಮನಾದೆ.
ನಾಲಗೆಯ ತುದಿಗೆ ಹಿತ್ತಾಳೆ ರುಚಿ.